ಮಾಳಿಗೆ ಮೇಲಿನ ಪಂಕ್ತಿ: ಹೊರಗಿನವರಿಗೆ ನಮ್ಮ ರೊಟ್ಟಿ ಊಟ ಉಣಿಸುವ ರೀತಿ

ಊರಿಗೆ ಹೊಸದಾಗಿ ಬಂದವರನ್ನು ಊಟಕ್ಕೆ ಕರೆದಾಗ ಹಬ್ಬದ ಅಡಿಗೆ ಮಾಡಲು ಹೋಗಬೇಡಿ. ಹೋಳಿಗೆ, ಕರ್ಚಿಕಾಯಿ, ನಾಲ್ಕು ತರಹದ ಭಜಿ, ಸಾಲದ್ದಕ್ಕೆ ಪನೀರು ಎಂದು ಹರವಿಟ್ಟರೆ ಬಂದವರು ಹೊಗಳಿ ಹೋಗುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಸೋಮವಾರ ಮಧ್ಯಾಹ್ನ ಏನು ಉಣ್ಣುತ್ತಾರೆ ಎಂಬುದು ಅವರಿಗೆ ಗೊತ್ತಾಗುವುದೇ ಇಲ್ಲ. ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಒಂದು ತಪ್ಪಲುಪಲ್ಯ, ಎಣ್ಣೆಗಾಯಿ, ಹಿಂಡಿ ಅಂದರೆ ಚಟ್ನಿಪುಡಿ, ಮೊಸರು, ಹಸಿ ಉಳ್ಳಾಗಡ್ಡಿ. ಕೊನೆಗೆ ಒಂದು ಹಿಡಿ ಅನ್ನ, ಬ್ಯಾಳಿ ಸಾರು. ಸಿಹಿ ಒಂದೇ ಸಾಕು. ಇಷ್ಟನ್ನು ಸರಿಯಾಗಿ ಮಾಡಿದರೆ ಬಂದವರು ಮತ್ತೆ ಬರುತ್ತಾರೆ.

ನಮ್ಮದು ವಿಜಯಪುರ. ಮನೆಯ ಮೇಲಿನ ಖೋಲಿಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಡಾಕ್ಟರಿಕೆ ಓದುವ ಕೇರಳದ ಹುಡುಗಿಯರು, ಬ್ಯಾಂಕಿನವರು ವರ್ಗ ಮಾಡಿ ಕಳಿಸಿದ ಬಿಹಾರದ ಹುಡುಗ, ಕೂಡಗಿಯ ವಿದ್ಯುತ್ ಸ್ಥಾವರಕ್ಕೆ ಹೋಗಿಬರುವ ಅಸ್ಸಾಮಿನ ಗಂಡ ಹೆಂಡತಿ, ಹೀಗೆ ಬರುತ್ತಾರೆ, ಹೋಗುತ್ತಾರೆ. ವರ್ಷಗಟ್ಟಲೆ ಇಲ್ಲಿದ್ದು, ಗೋಳಗುಮ್ಮಟದ ಮುಂದೆ ಫೋಟೋ ತೆಗೆಸಿಕೊಂಡು, ಬಿಸಿ ರೊಟ್ಟಿ ಒಮ್ಮೆಯೂ ಉಣ್ಣದೆ ಹೋದವರನ್ನು ಕಂಡಿದ್ದೇನೆ. ಅದಕ್ಕೇ ಓಣಿಯ ನಾಲ್ಕು ಮನೆಯವರು ಸೇರಿ ಮಾಳಿಗೆ ಮೇಲೆ ಪಂಕ್ತಿ ಹಾಕಲು ಶುರು ಮಾಡಿದೆವು. ನೀವು ಬಾಗಲಕೋಟೆಯಲ್ಲಿರಲಿ, ಅಥಣಿಯಲ್ಲಿರಲಿ, ಇದೇ ಲೆಕ್ಕದಲ್ಲಿ ಮಾಡಬಹುದು.

ಕೂಡಿ ಉಣ್ಣುವುದನ್ನು ನಾವೇನೂ ಹೊಸದಾಗಿ ಕಲಿಯಬೇಕಾಗಿಲ್ಲ. ನಾಗರ ಪಂಚಮಿ ಹೊತ್ತಿಗೆ ಬರುವ ರೊಟ್ಟಿ ಹಬ್ಬದಲ್ಲಿ ಖಡಕ್ ರೊಟ್ಟಿಯ ಮೇಲೆ ಹಿಂಡಿ, ಪಲ್ಯ ಇಟ್ಟು ಮನೆಮನೆಗೆ ಬೀರುತ್ತೇವೆ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಿಕ್ಕವರನ್ನೆಲ್ಲ ಕೂಡಿಸಿಕೊಂಡು ಉಣ್ಣುತ್ತೇವೆ. ದಾಸೋಹದ ಬಸವಣ್ಣ ಹುಟ್ಟಿದ ಬಸವನ ಬಾಗೇವಾಡಿ ನಮ್ಮ ಜಿಲ್ಲೆಯದೇ. ಒಂದೇ ವ್ಯತ್ಯಾಸವೆಂದರೆ, ಹಬ್ಬದ ಪಂಕ್ತಿಯಲ್ಲಿ ಕೂತವರಿಗೆಲ್ಲ ಯಾವುದನ್ನು ಯಾವುದರ ಜೊತೆ ಉಣ್ಣಬೇಕು ಎಂಬುದು ಗೊತ್ತಿರುತ್ತದೆ. ಇಲ್ಲಿ ಬಂದವರಿಗೆ ಅದು ಗೊತ್ತಿರುವುದಿಲ್ಲ. ತಯಾರಿಯೆಲ್ಲ ಆ ಒಂದು ವ್ಯತ್ಯಾಸಕ್ಕಾಗಿಯೇ.

ದಿನ, ಮಂದಿ

ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಭಾನುವಾರ ಎಲ್ಲಕ್ಕಿಂತ ಒಳ್ಳೆಯದು. ಹಕ್ಕರಿಕಿ, ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಮೂಲಂಗಿ ಎಲ್ಲ ಪೇಟೆಗೆ ಬಂದಿರುತ್ತವೆ. ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ಇರುವ ನೆಂಟರಿದ್ದರೆ ಜನವರಿಯಲ್ಲಿ ಪಂಕ್ತಿಯನ್ನು ಅಲ್ಲಿಗೇ ಒಯ್ಯಿರಿ. ಜೋಳದ ಹಾಲುಗಾಳಿನ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ ಉದುರಿಸಿದ ಸೀತನಿಯನ್ನು ಬೆಲ್ಲ, ಶೇಂಗಾ ಹಿಂಡಿ ಹಚ್ಚಿ ಕೊಟ್ಟರೆ, ರೊಟ್ಟಿ ಎಲ್ಲಿಂದ ಬರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಮಾರ್ಚ್ ದಾಟಿದ ಮೇಲೆ ನಮ್ಮ ಬಿಸಿಲಿಗೆ ಮಾಳಿಗೆ ಏರುವಂತಿಲ್ಲ. ಆಗ ರಾತ್ರಿ ಊಟಕ್ಕೆ ಕರೆಯಿರಿ. ರಮಜಾನ್ ತಿಂಗಳು, ಏಕಾದಶಿ, ಶ್ರಾವಣ ಸೋಮವಾರ ನೋಡಿಕೊಂಡು ದಿನ ಹಿಡಿಯಿರಿ.

ಇಪ್ಪತ್ತೈದು ಮಂದಿಗಿಂತ ಹೆಚ್ಚು ಬೇಡ. ಅದರಲ್ಲಿ ಅರ್ಧ ನಮ್ಮವರೇ ಇರಬೇಕು. ಬರೀ ಹೊರಗಿನವರನ್ನು ಕೂಡಿಸಿ ನಾವು ಬಡಿಸುತ್ತ ನಿಂತರೆ ಅದು ಖಾನಾವಳಿ ಆಗುತ್ತದೆ. ಕೇರಳದ ಹುಡುಗಿಯ ಪಕ್ಕ ಓಣಿಯ ಅಜ್ಜಿ, ಬಿಹಾರದವನ ಪಕ್ಕ ನಮ್ಮ ಮೊಮ್ಮಗ. ಭಾಷೆ ಬರುವುದಿಲ್ಲ ಎಂದು ಚಿಂತೆ ಮಾಡಬೇಡಿ. ಪಕ್ಕದವರ ತಾಟು ನೋಡಿಯೇ ಅರ್ಧ ಕಲಿಯುತ್ತಾರೆ.

ಕರೆಯುವಾಗಲೇ ಒಂದು ಪ್ರಶ್ನೆ ಕೇಳಲೇಬೇಕು: ಶೇಂಗಾ ತಿಂದರೆ ಏನಾದರೂ ಆಗುತ್ತದೆಯೇ? ನಮ್ಮ ಅಡಿಗೆಯಲ್ಲಿ ಶೇಂಗಾ ಇಲ್ಲದ ಜಾಗವಿಲ್ಲ. ಎಣ್ಣೆಗಾಯಿಯ ಹೂರಣದಲ್ಲಿ, ಹಿಂಡಿಯಲ್ಲಿ, ಪಚಡಿಯ ಮೇಲೆ, ಎಷ್ಟೋ ಮನೆಗಳಲ್ಲಿ ಒಗ್ಗರಣೆಯ ಎಣ್ಣೆಯಲ್ಲಿ ಕೂಡ. ಒಬ್ಬರಿಗೆ ಆಗುವುದಿಲ್ಲ ಎಂದರೆ ಆ ದಿನ ಎಲ್ಲರಿಗೂ ಶೇಂಗಾ ಬಿಡಿ. ಅವರಿಗಷ್ಟೇ ಬೇರೆ ಪಾತ್ರೆ ಇಟ್ಟರೆ ಗಡಿಬಿಡಿಯಲ್ಲಿ ಸೌಟು ಅದಲು ಬದಲಾಗಿಬಿಡುತ್ತದೆ. ಗುರೆಳ್ಳು, ಅಗಸಿ, ಕೊಬ್ಬರಿಯಿಂದ ಹೂರಣ ಚೆನ್ನಾಗಿಯೇ ಆಗುತ್ತದೆ, ಎಣ್ಣೆ ಕುಸುಬಿಯದು ಇರಲಿ. ಎಳ್ಳು ಆಗುವುದೋ ಇಲ್ಲವೋ ಎಂದೂ ಜೊತೆಗೇ ಕೇಳಿಬಿಡಿ. ಬಳ್ಳೊಳ್ಳಿ, ಉಳ್ಳಾಗಡ್ಡಿ ಮುಟ್ಟದವರು ಇರುತ್ತಾರೆ; ಅವರಿಗೆ ಒಂದು ಪಲ್ಯ, ಒಂದು ಹಿಂಡಿ ಬೇರೆ ತೆಗೆದಿಡುವುದು ಕಷ್ಟವಲ್ಲ.

ನಮ್ಮ ಪಂಕ್ತಿಯಲ್ಲಿ ಮಾಂಸ, ಮೊಟ್ಟೆ ಇಲ್ಲ. ತಿನ್ನುವವರೂ ತಿನ್ನದವರೂ ಸಂಕೋಚವಿಲ್ಲದೆ ಒಂದೇ ಸಾಲಿನಲ್ಲಿ ಕೂಡಲಿ ಎಂಬುದಷ್ಟೇ ಕಾರಣ. ಪಕ್ಕದ ಮನೆಯ ಮುಸಲ್ಮಾನ ಅಕ್ಕ ಮೊದಲಿನಿಂದಲೂ ನಮ್ಮ ಜೊತೆಗಿದ್ದಾಳೆ. ಇಡೀ ಓಣಿಯಲ್ಲಿ ಅತಿ ತೆಳ್ಳನೆ ರೊಟ್ಟಿ ಬಡಿಯುವವಳು ಅವಳೇ. ಮೊಹರಂಗೆ ಅವಳ ಮನೆಯಿಂದ ಚೋಂಗೆ ಎಂಬ ಸಿಹಿ ರೊಟ್ಟಿ, ರಮಜಾನಿಗೆ ಸುರಕುಂಬಾ ಪಾಯಸ ಬರುತ್ತದೆ, ನಮ್ಮ ಮನೆಯಿಂದ ಅವಳಿಗೆ ಪಂಚಮಿ ಉಂಡಿ ಹೋಗುತ್ತದೆ.

ಸಾಮಾನಿನ ಲೆಕ್ಕ

ಇಪ್ಪತ್ತೈದು ಮಂದಿಗೆ ಜೋಳದ ಹಿಟ್ಟು ಮೂರೂವರೆ ಕಿಲೋ. ಕಿಲೋಗೆ ಸುಮಾರು ಇಪ್ಪತ್ತು ರೊಟ್ಟಿ ಹಿಡಿಯಿರಿ. ಹೊಸಬರು ಎರಡು ಉಂಡರೆ ಹೆಚ್ಚು, ನಮ್ಮವರು ಮೂರು ನಾಲ್ಕು. ಸಣ್ಣ ಬದನಿಕಾಯಿ ಎರಡೂವರೆ ಕಿಲೋ, ತಲೆಗೆ ಎರಡರಂತೆ. ಅದರ ಹೂರಣಕ್ಕೆ ಶೇಂಗಾ 400 ಗ್ರಾಂ, ಗುರೆಳ್ಳು 100, ಒಣಕೊಬ್ಬರಿ 100, ಎಳ್ಳು 50. ಮಡಕಿಕಾಳು ಅಥವಾ ಹೆಸರುಕಾಳು ಒಂದು ಕಿಲೋ. ಮೊಳಕೆ ಬಂದ ಮೇಲೆ ಎರಡರಷ್ಟಾಗುತ್ತದೆ. ಪುಂಡಿ ಸೊಪ್ಪು ಸೋಸಿದ ಮೇಲೆ ಒಂದೂವರೆ ಕಿಲೋ ಉಳಿಯಬೇಕು, ಬೇಯಿಸಿದರೆ ಇಳಿದುಹೋಗುತ್ತದೆ. ಅಕ್ಕಿ ಒಂದೂಕಾಲು ಕಿಲೋ, ಸಾರಿಗೆ ತೊಗರಿಬೇಳೆ ಅರ್ಧ ಕಿಲೋ, ಮೊಸರು ಮಜ್ಜಿಗೆಗೆ ಕೂಡಿ ನಾಲ್ಕು ಲೀಟರ್. ಸಿಹಿಗೆ ನಾನು ಹುಗ್ಗಿ ಬಿಟ್ಟು ಬೇರೆ ಮಾಡುವುದಿಲ್ಲ: ಕುಟ್ಟಿ ಸಿಪ್ಪೆ ತೆಗೆದ ಗೋಧಿ ಒಂದು ಕಿಲೋ, ಬೆಲ್ಲ ಒಂದು ಕಿಲೋ, ಗಸಗಸೆ, ಕೊಬ್ಬರಿ, ಮೇಲೆ ತುಪ್ಪ. ಜವೆಗೋಧಿ ಸಿಕ್ಕರೆ ಇನ್ನೂ ರುಚಿ. ಬೆಲ್ಲ ಮಹಾಲಿಂಗಪುರದ್ದಾದರೆ ಸರಿ. ಹೋಳಿಗೆಯಾದರೆ ನಾಲ್ಕು ಜನ ಒಲೆ ಮುಂದೆ ನಿಲ್ಲಬೇಕು, ಹುಗ್ಗಿಯ ಪಾತ್ರೆಗೆ ಒಬ್ಬರು ಸಾಕು.

ಖರ್ಚನ್ನು ನಾಲ್ಕು ಮನೆಯವರು ಹಂಚಿಕೊಳ್ಳುತ್ತೇವೆ. ಹೊಸಬರಿಂದ ರೊಕ್ಕ ತೆಗೆದುಕೊಳ್ಳುವುದಿಲ್ಲ. ಎರಡನೇ ಸಲ ಬಂದವರು ಮೊಸರೋ ಸೊಪ್ಪೋ ತರಬೇಕು, ಜೊತೆಗೆ ಸೌಟು ಹಿಡಿದು ಬಡಿಸಬೇಕು. ಇದರಲ್ಲಿ ಯಾರಿಗೂ ಬಿಡುವಿಲ್ಲ, ದೊಡ್ಡ ಸಾಹೇಬರಾಗಿದ್ದರೂ.

ಕೆಲಸದ ಹಂಚಿಕೆ ಹೀಗೆ. ಶುಕ್ರವಾರ ರಾತ್ರಿ ಕಾಳು ನೆನೆ ಹಾಕಿ, ಶನಿವಾರ ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿದರೆ ಭಾನುವಾರಕ್ಕೆ ಮೊಳಕೆ. ಹಿಂಡಿಗಳನ್ನು ವಾರದ ಹಿಂದೆಯೇ ಕುಟ್ಟಿಡಬಹುದು. ಖಡಕ್ ರೊಟ್ಟಿ ಮೂರು ದಿನ ಮೊದಲು. ಇದು ಬಹಳ ಮುಖ್ಯ. ಎಪ್ಪತ್ತು ರೊಟ್ಟಿಯನ್ನು ಆ ಹೊತ್ತಿಗೇ ಬಡಿಯುತ್ತೇನೆ ಎಂದು ಹೊರಟರೆ, ಬಡಿಯುವ ಹೆಣ್ಣುಮಕ್ಕಳು ಪಂಕ್ತಿಗೆ ಕೂಡುವುದೇ ಇಲ್ಲ. ನಲವತ್ತೈದು ಖಡಕ್ ಮಾಡಿಟ್ಟು, ಆ ದಿನ ತಲೆಗೊಂದು ಬಿಸಿ ರೊಟ್ಟಿ ಅಂದರೆ ಇಪ್ಪತ್ತೈದು ಬಡಿದರೆ ಆಯಿತು. ಮನೆಯಲ್ಲಿ ಬಡಿಯುವವರು ಇಲ್ಲದಿದ್ದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳು ನಡೆಸುವ ರೊಟ್ಟಿ ಕೇಂದ್ರಗಳಿವೆ. ಖಡಕ್ ರೊಟ್ಟಿ ಅಲ್ಲಿಂದಲೇ ತನ್ನಿ. ಅದರಲ್ಲಿ ಮರ್ಯಾದೆ ಹೋಗುವಂಥದ್ದೇನಿಲ್ಲ.

ಎಣ್ಣೆಗಾಯಿ ಬೆಳಿಗ್ಗೆಯೇ ಮುಗಿಸಿ. ಮೂರು ನಾಲ್ಕು ತಾಸು ಇಟ್ಟರೆ ರುಚಿ ಕೂಡುತ್ತದೆ. ತೊಟ್ಟು ತೆಗೆಯದೆ ಬದನಿಕಾಯಿಯನ್ನು ನಾಲ್ಕಾಗಿ ಸೀಳಿ, ಕಪ್ಪಾಗದಂತೆ ಉಪ್ಪುನೀರಿಗೆ ಹಾಕಿ. ಶೇಂಗಾವನ್ನು ಸಣ್ಣ ಉರಿಯಲ್ಲಿ, ಬೇಸರ ಬರುವಷ್ಟು ಹೊತ್ತು ಹುರಿಯಬೇಕು. ಗುರೆಳ್ಳು ಚಟಪಟ ಎಂದಕೂಡಲೇ ಇಳಿಸಬೇಕು, ಇಲ್ಲದಿದ್ದರೆ ಕಹಿ. ಇವನ್ನೆಲ್ಲ ತರಿಯಾಗಿ ಪುಡಿ ಮಾಡಿ, ಹೆಚ್ಚಿದ ಉಳ್ಳಾಗಡ್ಡಿ, ಜಜ್ಜಿದ ಬಳ್ಳೊಳ್ಳಿ, ಕೊತ್ತಂಬರಿ, ಮಸಾಲಿ ಖಾರ, ಹುಣಸೆ ರಸ, ಬೆಲ್ಲ, ಉಪ್ಪು ಕೂಡಿಸಿ ತುಂಬಿ. ಕಾದ ಎಣ್ಣೆಯಲ್ಲಿ ಸಾಲಾಗಿ ಜೋಡಿಸಿ, ಮುಚ್ಚಿದ ತಾಟಿನ ಮೇಲೆ ನೀರು ಹಾಕಿಟ್ಟರೆ ತಳ ಹತ್ತುವುದಿಲ್ಲ. ಬಾಡಿದ ಮೇಲೆ ಉಳಿದ ಹೂರಣಕ್ಕೆ ಬಿಸಿನೀರು ಬೆರೆಸಿ ಸುರಿದು, ಅಂಚಿನಲ್ಲಿ ಎಣ್ಣೆ ತೇಲುವವರೆಗೆ ಕುದಿಸಿ. ಎಣ್ಣೆಗೆ ಜೀನತನ ಮಾಡಬೇಡಿ, ಹೆಸರಿನಲ್ಲೇ ಇದೆಯಲ್ಲ.

ಖಾರದ ವಿಚಾರ. ಹೊಸಬರಿಗೆಂದು ಅಡಿಗೆಯನ್ನು ಸಪ್ಪೆ ಮಾಡಬೇಡಿ, ಮೆಣಸಿನಕಾಯಿ ಬದಲಿಸಿ. ಬ್ಯಾಡಗಿ ಕೆಂಪು ಹೆಚ್ಚು ಕೊಡುತ್ತದೆ, ಉರಿ ಕಡಿಮೆ. ತಾಟಿನ ಬಣ್ಣ ನಮ್ಮ ಮನೆಯದೇ ಇರುತ್ತದೆ, ನಾಲಿಗೆ ಸುಡುವುದಿಲ್ಲ. ಹಸಿ ಖಾರ, ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಕೇಳಿದವರಿಗೆ ಮಾತ್ರ. ಆದರೂ ಕಣ್ಣಲ್ಲಿ ನೀರು ಬಂದರೆ ನೀರಿನ ತಂಬಿಗೆ ಕೊಡಬೇಡಿ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಬೆಣ್ಣೆ, ಗಟ್ಟಿ ಮೊಸರು ಕೈಗೆಟಕುವಂತೆ ಇರಲಿ.

ಪುಂಡಿಪಲ್ಯ ಬಿಡಲೇಬೇಡಿ. ಹೊಸಬರಿಗೆ ಹುಳಿ ಸೇರಲಿಕ್ಕಿಲ್ಲ ಎಂದು ಹೆದರುವವರಿದ್ದಾರೆ. ನನ್ನ ಅನುಭವ ಉಲ್ಟಾ. ಹಸಿ ಸೊಪ್ಪಿನ ಕಟ್ಟು ತೋರಿಸಿದರೆ ಸಾಕು, ಆಂಧ್ರದವರು ತಮ್ಮ ಗೋಂಗೂರ ಎನ್ನುತ್ತಾರೆ, ಮರಾಠಿಯವರು ಅಂಬಾಡಿ ಎನ್ನುತ್ತಾರೆ. ಅಸ್ಸಾಮಿನ ಹೆಣ್ಣುಮಗಳು ಎಲೆಯೊಂದನ್ನು ಹರಿದು ಬಾಯಿಗೆ ಹಾಕಿಕೊಂಡು, ತಮ್ಮ ಕಡೆ ಇದನ್ನು ಮೀನಿನ ಸಾರಿಗೆ ಹಾಕುತ್ತಾರೆ ಎಂದಳು. ಸೊಪ್ಪು ಬೇಯಿಸಿ ಮೊದಲ ನೀರು ಬಸಿದು, ಜೋಳದ ನುಚ್ಚು ಅಥವಾ ತೊಗರಿಬೇಳೆ ಕೂಡಿಸಿ ಮೆತ್ತಗೆ ಕುದಿಸಿ, ಕಟೆದು, ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಒಗ್ಗರಣೆ ಕೊಡಿ. ಹುಳಿ ಪದಾರ್ಥ, ಕಲಾಯಿ ಇಲ್ಲದ ಹಿತ್ತಾಳೆ ಬೇಡ, ಅಲ್ಯೂಮಿನಿಯಂ ಬೇಡ. ಸ್ಟೀಲು ಇಲ್ಲವೇ ಮಣ್ಣಿನ ಗಡಿಗೆ.

ರೊಟ್ಟಿ ಬಡಿಸುವುದಲ್ಲ, ಬಡಿಯಿಸುವುದು

ಊಟಕ್ಕೆ ಒಂದು ತಾಸು ಮೊದಲೇ ಬರಲು ಹೇಳಿ. ಬಂದವರನ್ನು ನೇರ ರೊಟ್ಟಿಯ ಒಲೆಯ ಹತ್ತಿರ ಕರೆದುಕೊಂಡು ಹೋಗಿ. ಅಪರಿಚಿತರು ಕುರ್ಚಿಯ ಮೇಲೆ ಎದುರುಬದುರು ಕೂತರೆ ಮಾತು ಹೊರಡುವುದಿಲ್ಲ. ಕೈಗೆ ಹಿಟ್ಟು ಹತ್ತಿದರೆ ತಾನಾಗಿ ಹೊರಡುತ್ತದೆ.

ಹಿಟ್ಟು ಹೊಸದಿರಬೇಕು. ಗಿರಣಿಯಿಂದ ತಂದು ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಜೋಳ ನಮ್ಮ ಹಿಂಗಾರಿಯ ಮಾಲದಂಡಿ. ಕೃಷಿ ಇಲಾಖೆಯವರು ಎಂ 35-1 ಎನ್ನುವುದು ಇದರ ತಳಿಯನ್ನೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದರೆ ಎರಿ ಮಣ್ಣು ಹಿಡಿದಿಟ್ಟ ಹಸಿಯ ಮೇಲೇ ಬೆಳೆದು ಬರುತ್ತದೆ. ಗೋಧಿಯಲ್ಲಿರುವಂಥ ಗ್ಲುಟೆನ್ ಅಂಟು ಜೋಳದಲ್ಲಿಲ್ಲ. ಅದಕ್ಕೇ ಕುದಿಯುವ ಎಸರು ಬೇಕು. ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ ಜಿಗಿ ಬರುತ್ತದೆ. ಪರಾತದಲ್ಲಿ ಹಿಟ್ಟಿನ ನಡುವೆ ಕುಣಿ ಮಾಡಿ, ಎಸರು ಹಾಕಿ, ಚಮಚದಿಂದ ತಿರುವಿ, ಕೈ ತಾಳುವಷ್ಟಾದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಎಲ್ಲ ಹಿಟ್ಟನ್ನು ಒಮ್ಮೆಗೇ ನಾದಿಡಬೇಡಿ. ಒಂದೊಂದು ರೊಟ್ಟಿಗೆ ಆಗುವಷ್ಟನ್ನು ಆಗಾಗ ಮತ್ತೆ ನಾದಿಕೊಂಡರೆ ಮೆತ್ತಗಿರುತ್ತದೆ.

ಒಣಹಿಟ್ಟು ಉದುರಿಸಿ, ಬಡಿಯುತ್ತ ತಿರುಗಿಸುತ್ತ ಹೋಗಿ. ಹಿಟ್ಟು ಹತ್ತಿದ ಮಗ್ಗುಲು ಮೇಲೆ ಬರುವಂತೆ ಕಾದ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರುತ್ತಿದ್ದಂತೆ ಮಗುಚಿ, ಆಮೇಲೆ ಉರಿಗೆ ಹಿಡಿದರೆ ಉಬ್ಬುತ್ತದೆ. ಹೊಸಬರಿಗೆ ನಿಂಬೆಹಣ್ಣಿನಷ್ಟು ಮುದ್ದೆ ಕೊಟ್ಟು ಅಂಗೈ ಅಗಲ ಬಡಿಯಲು ಹೇಳಿ. ದೊಡ್ಡದಕ್ಕೆ ಕೈ ಹಾಕಿದರೆ ಎತ್ತುವಾಗ ಹರಿಯುತ್ತದೆ, ಆಸೆಯೂ ಅಲ್ಲಿಗೇ ಹೋಗುತ್ತದೆ. ಲಟ್ಟಣಿಗೆ ಕೇಳಿದರೆ ಕೊಟ್ಟುಬಿಡಿ. ನಮ್ಮ ಸೊಸೆಯಂದಿರೂ ಈಗ ಲಟ್ಟಿಸಿಯೇ ಮಾಡುತ್ತಾರೆ, ಆಕಾಶವೇನೂ ಬಿದ್ದಿಲ್ಲ. "ಕಾಕು, ಉಬ್ಬತು ನೋಡ್ರಿ!" ಎಂದು ಬಿಹಾರದ ಹುಡುಗ ಕೂಗಿದ್ದು ಅವನು ನಮ್ಮ ಮನೆಯಲ್ಲಿ ಆಡಿದ ಮೊದಲ ಪೂರ್ತಿ ಕನ್ನಡ ವಾಕ್ಯ. ಅವರವರು ಬಡಿದದ್ದನ್ನು ಅವರವರ ತಾಟಿಗೇ ಹಾಕಿ, ಎಷ್ಟೇ ಸೊಟ್ಟಗಿರಲಿ.

ಪಂಕ್ತಿ

ಜಮಖಾನ ಹಾಸಿ ಎದುರುಬದುರು ಎರಡು ಸಾಲು. ಮೊಣಕಾಲು ಮಡಚಲಾಗದವರಿಗೆ ಎರಡು ಕುರ್ಚಿ ಮೊದಲೇ ಇಡಿ, ಅವರು ಕೇಳುವವರೆಗೆ ಕಾಯಬೇಡಿ. ನಮ್ಮದು ಬಾಳೆಎಲೆಯ ಸೀಮೆಯಲ್ಲ, ಸ್ಟೀಲಿನ ತಾಟೇ ಸರಿ. ಪತ್ರಾವಳಿಯಲ್ಲಿ ಬ್ಯಾಳಿ ಸಾರು ನಿಲ್ಲುವುದಿಲ್ಲ.

ಮೊದಲು ಉಪ್ಪು, ಹಿಂಡಿಗಳು, ಪಚಡಿ, ಹಸಿ ಉಳ್ಳಾಗಡ್ಡಿ. ಆಮೇಲೆ ಪಲ್ಯಗಳು, ಎಣ್ಣೆಗಾಯಿ. ಎಲ್ಲ ಬಂದ ಮೇಲೆ ಬಿಸಿ ರೊಟ್ಟಿ, ಅದರ ಮೇಲೆ ಬೆಣ್ಣೆ. ನಂತರ ಖಡಕ್. ರೊಟ್ಟಿಯ ಸುತ್ತು ಮುಗಿದ ಮೇಲೆ ಹುಗ್ಗಿ, ತುಪ್ಪ. ಕೊನೆಗೆ ಅನ್ನ ಸಾರು, ಮಜ್ಜಿಗೆ. ಅನ್ನವನ್ನು ಮೊದಲೇ ಹೊರಗೆ ತರಬೇಡಿ. ಅನ್ನ ಉಣ್ಣುವ ಸೀಮೆಯವರು ಕಂಡಕೂಡಲೇ ಅದನ್ನೇ ಕೇಳುತ್ತಾರೆ, ರೊಟ್ಟಿ ಮೂಲೆಗೆ ಸೇರುತ್ತದೆ.

ಉಣ್ಣುವ ಬಗೆಯನ್ನು ಒಬ್ಬರು ತೋರಿಸಬೇಕು, ನಮ್ಮಲ್ಲಿ ಈ ಕೆಲಸ ಅಜ್ಜಿಯದು. ರೊಟ್ಟಿ ಚೂರು ಮುರಿದು ಎಣ್ಣೆಗಾಯಿಯನ್ನು ಹಿಚುಕಿ ಬಾಚಿಕೊಳ್ಳುವುದು, ಹಿಂಡಿಯ ನಡುವೆ ಗುಂಡಿ ಮಾಡಿ ಮೊಸರೋ ಎಣ್ಣೆಯೋ ಹಾಕಿಕೊಳ್ಳುವುದು, ಖಡಕ್ ರೊಟ್ಟಿಯನ್ನು ಪುಡಿ ಮಾಡಿ ಕಾಳಿನ ರಸದಲ್ಲಿ ನೆನೆಸುವುದು. ಚಮಚ ಕೇಳಿದವರಿಗೆ ಚಮಚ ಕೊಡಿ, ನಗಬೇಡಿ. ಸಾಕು ಎಂದವರಿಗೆ ಒಂದು ಸಲ ಒತ್ತಾಯ ಮಾಡಬಹುದು. ನಮ್ಮ ಕಡೆ ಮೂರು ಸಲ ಮಾಡುವ ರೂಢಿ ಇದೆ, ಆದರೆ ಹೊರಗಿನವರಿಗೆ ಆ ಲೆಕ್ಕ ಗೊತ್ತಿಲ್ಲ. ಮರ್ಯಾದೆಗೆ ಉಂಡು ರಾತ್ರಿಯೆಲ್ಲ ಒದ್ದಾಡುತ್ತಾರೆ.

ಲಿಂಗಾಯತ ಹಿರಿಯರು ಕೆಲವರು ಉಂಡ ಮೇಲೆ ತಾಟು ತೊಳೆದು ಆ ನೀರು ಕುಡಿಯುತ್ತಾರೆ. ಹೊಸಬರು ಕಣ್ಣು ಅಗಲಿಸಿ ನೋಡುತ್ತಾರೆ. ಅನ್ನವನ್ನು ಪ್ರಸಾದ ಎಂದು ಭಾವಿಸುವವರು, ಅಗುಳೂ ಕೆಡಿಸಬಾರದೆಂದು ಹೀಗೆ ಮಾಡುತ್ತಾರೆ ಎಂದು ಒಂದೇ ಮಾತಿನಲ್ಲಿ ಹೇಳಿ ಬಿಡಿ. ನೀವೂ ಮಾಡಿ ಎನ್ನಬೇಡಿ.

ಊಟಕ್ಕೆ ಮೊದಲು ಸಂಸ್ಕೃತಿಯ ಬಗ್ಗೆ ಭಾಷಣ ಬೇಡವೇ ಬೇಡ. ನಮ್ಮ ಓಣಿಯ ನಿವೃತ್ತ ಮಾಸ್ತರರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. 2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲಂತೂ ಅವರು ಜೋಳದ ನಾರಿನಂಶದಿಂದ ಶುರು ಮಾಡಿದರೆ ರೊಟ್ಟಿ ಆರಿಹೋಗುತ್ತದೆ. ನಾವು ಚಿಕ್ಕವರಿದ್ದಾಗ ಅನ್ನ ಹಬ್ಬಕ್ಕೆ, ನೆಂಟರಿಗೆ; ರೊಟ್ಟಿ ದಿನಕ್ಕೆ. ಆಗ ಯಾರೂ ಅದಕ್ಕೆ ಸಿರಿ ಎಂದಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಿ, ಸಾಕು. ಇದೆಲ್ಲ ಅಪ್ಪಟ ವಿಜಯಪುರದ್ದೇನ್ರಿ ಎಂದು ಯಾರಾದರೂ ಕೇಳಿದರೆ ಮಾತ್ರ ನಾನು ನಿಜ ಹೇಳುತ್ತೇನೆ: ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದ ಬೆಳೆಗಳು, ಹಡಗಿನವರ ಜೊತೆ ಬಂದವು. ಇಲ್ಲಿಯ ಜೋಳದ ಮುಂದೆ ಅವು ಇನ್ನೂ ಬಾಡಿಗೆಯವರೇ.

ಉಳಿದದ್ದರಲ್ಲಿ ಖಡಕ್ ರೊಟ್ಟಿ, ಹಿಂಡಿ ಕಟ್ಟಿ ಕಳಿಸಿ. ಒಣ ಡಬ್ಬಿಯಲ್ಲಿ ತಿಂಗಳು ಇರುತ್ತವೆ, ಹಾಸ್ಟೆಲಿನ ಹುಡುಗಿಯರಿಗೆ ಅವೇ ಆಸರೆ. ಅನ್ನ ಕಳಿಸಬೇಡಿ, ಸೆಖೆಗೆ ಹಳಸುತ್ತದೆ.

ಮೂರು ನಾಲ್ಕು ಪಂಕ್ತಿ ಆದ ಮೇಲೆ ಒಲೆಯನ್ನು ಅವರಿಗೆ ಬಿಟ್ಟುಕೊಡಬೇಕು. ನಮ್ಮದನ್ನೇ ಉಣಿಸುತ್ತ ಹೋದರೆ ಅವರು ಕಾಯಂ ಅತಿಥಿಗಳಾಗಿಯೇ ಉಳಿಯುತ್ತಾರೆ, ಓಣಿಯವರಾಗುವುದಿಲ್ಲ. ಬಿಹಾರದ ಹುಡುಗ ಮಾಡಿದ್ದು ಲಿಟ್ಟಿ ಚೋಖಾ. ಗೋಧಿ ಹಿಟ್ಟಿನ ಉಂಡೆಯಲ್ಲಿ ಹುರಿಗಡಲೆ ಹಿಟ್ಟು, ಓಂಕಾಳು ತುಂಬಿ ಕುಳ್ಳಿನ (ಬೆರಣಿಯ) ಕೆಂಡದಲ್ಲಿ ಸುಟ್ಟು ತುಪ್ಪದಲ್ಲಿ ಅದ್ದಿದ. ಜೊತೆಗೆ ಸುಟ್ಟ ಬದನಿಕಾಯಿ, ಟೊಮೆಟೊ ಹಿಚುಕಿ ಸಾಸಿವೆ ಎಣ್ಣೆ ಹಾಕಿದ್ದು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, "ಇದು ನಮ್ಮ ಸುಟ್ಟ ಬದನಿಕಾಯಿನ ಐತಲ್ಲೋ ತಮ್ಮಾ, ಎಣ್ಣಿ ಅಷ್ಟ ಬ್ಯಾರೆ" ಎಂದು ತೀರ್ಪು ಕೊಟ್ಟಳು. ಇಂಥ ದಿನ ನೀವು ಅಡಿಗೆಮನೆಯ ಬಾಗಿಲಲ್ಲಿ ನಿಂತು ಸಲಹೆ ಕೊಡಬೇಡಿ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತೋರಿಸಿ ಹೊರಗೆ ಬನ್ನಿ. ಕುಳ್ಳು, ಸಾಸಿವೆ ಎಣ್ಣೆ ಹಿಂದಿನ ದಿನವೇ ತಂದಿಡಿ, ಸಾಸಿವೆ ಎಣ್ಣೆ ನಮ್ಮ ಎಲ್ಲ ಕಿರಾಣಿ ಅಂಗಡಿಗಳಲ್ಲಿ ಸಿಗುವುದಿಲ್ಲ. ಒಗ್ಗರಣೆಗೆ ಅದನ್ನು ಹೊಗೆ ಬರುವವರೆಗೆ ಕಾಯಿಸುತ್ತಾರೆ. ಕಿಟಕಿ ತೆಗೆದಿಡಿ, ಒಣಹಾಕಿದ ಬಟ್ಟೆ ಮೊದಲೇ ಒಳಗೆ ತನ್ನಿ.